ಏಳದ ಕೈಗೆ ಎರಡು ದೀಪ

ಆ ಕಾಲ ಚೆನ್ನಾಗಿತ್ತು ಎಂದು ಯಾರಾದರೂ ಮಾತು ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿದ್ದ ಕಾಲವದು. ಕಿತ್ತಳೆ ಈಗಿನದಕ್ಕಿಂತ ಸಿಹಿಯಾಗಿತ್ತು, ಒಪ್ಪುತ್ತೇನೆ. ಕಾಫಿ ಹೂ ಬಿಟ್ಟರೆ ಊರೆಲ್ಲ ಘಮಘಮ ಎನ್ನುತ್ತಿತ್ತು, ಅದನ್ನೂ ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ಆ ಘಮದ ಜೊತೆಗೆ ಪೆಟ್ಟೂ ಇತ್ತು. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದ್ದಿರಬೇಕು. ಊರಿನ ನೆನಪು ಬರೆಯುವಾಗ ನೀವು ಅದನ್ನು ಬರೆಯುವುದಿಲ್ಲ, ಅಷ್ಟೆ.

ಚೇರಂಬಾಣೆಯಿಂದ ಎರಡು ಮೈಲಿ ಮೇಲಕ್ಕೆ ನಮ್ಮ ಮನೆ. ನಾವು ಅರೆಭಾಷೆ ಮಾತಾಡುವ ಗೌಡರು. ಸ್ವಲ್ಪ ಗದ್ದೆ, ಸ್ವಲ್ಪ ಕಾಫಿ, ಅಂಗಳದ ಸುತ್ತ ಕಿತ್ತಳೆ ಮರಗಳು. ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅವ್ವ, ಹತ್ತು ವರ್ಷದ ನಾನು, ಅಪ್ಪನ ತಮ್ಮ ಕುಶಾಲಪ್ಪ ಚಿಕ್ಕಪ್ಪ. ಅಪ್ಪನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಬಂದರೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದ: ಸೌಟು, ಕಾಫಿ ಗಿಡದ ಕೋಲು, ದನ ಕಟ್ಟುವ ಹಗ್ಗ, ಒಮ್ಮೆ ಕೋಳಿ. ಜೀವ ಇದ್ದ ಕೋಳಿ. ಅದರ ಕಾಲು ಹಿಡಿದು ಅವ್ವನ ಬೆನ್ನಿಗೆ ನಾಲ್ಕು ಬಿಟ್ಟಿದ್ದ. ಕೋಳಿ ಸತ್ತಿತು. ಅವ್ವ ಅದನ್ನೇ ಸಾರು ಮಾಡಿ ಬಡಿಸಿದಳು, ಅಪ್ಪ ಚಪ್ಪರಿಸಿಕೊಂಡು ಉಂಡ.

ನಾನೂ ಸಾಧು ಮಗುವಾಗಿರಲಿಲ್ಲ. ಬಿದಿರಿನ ಪೆಟ್ಲಿನಲ್ಲಿ ಹಸಿ ಕಾಯಿ ತುಂಬಿ ಪಕ್ಕದ ಮನೆ ಹುಡುಗರ ಕಿವಿಗೇ ಗುರಿ ಇಡುತ್ತಿದ್ದೆ. ಕಿತ್ತಳೆ ಸಿಪ್ಪೆಯನ್ನು ಅವರ ಕಣ್ಣಿನ ಹತ್ತಿರ ತಂದು ಹಿಂಡುತ್ತಿದ್ದೆ. ಅವರು ಅತ್ತರೆ ನನಗೆ ಸಮಾಧಾನವಾಗುತ್ತಿತ್ತು. ಯಾಕೆ ಸಮಾಧಾನ ಎಂದು ಆಗ ಗೊತ್ತಿರಲಿಲ್ಲ.

ಚಿಕ್ಕಪ್ಪ ಯಾರಿಗೂ ಹೊಡೆಯುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದವನು, ಮೋಟಾರ್ ಸೈಕಲ್ಲಿನಲ್ಲಿ ಟಪಾಲು ಹೊತ್ತು ಮರುಭೂಮಿಯಲ್ಲೆಲ್ಲ ಓಡಾಡಿದವನು. ಬರುವಾಗ ಮಿಲಿಟರಿಯವರು ಹರಾಜು ಹಾಕಿದ ಹಸಿರು ಬಣ್ಣದ ಹಳೆಯ ಮೋಟಾರ್ ಸೈಕಲ್ ಒಂದನ್ನು ತಂದಿದ್ದ. ಮದುವೆಯಾಗಿರಲಿಲ್ಲ. ಅಪ್ಪ ಕೈ ಎತ್ತಿದಾಗ ಅವನು ಮಾಡುತ್ತಿದ್ದದ್ದು ಒಂದೇ ಕೆಲಸ. ಬಂದು ನಡುವೆ ನಿಲ್ಲುತ್ತಿದ್ದ. "ಬುಡಣ್ಣಾ" ಎನ್ನುತ್ತಿದ್ದ. ಅವ್ವನಿಗೂ ನನಗೂ ಬೀಳಬೇಕಾದ ಪೆಟ್ಟಿನಲ್ಲಿ ಅರ್ಧ ಅವನ ಮೈಮೇಲೆ ಮುಗಿಯುತ್ತಿತ್ತು.

ಆ ವರ್ಷದ ಕೈಲ್ ಮುಹೂರ್ತದ ದಿನ ಕೋವಿ, ಕತ್ತಿಗಳನ್ನೆಲ್ಲ ತೊಳೆದು ನಡುಮನೆಯಲ್ಲಿಟ್ಟು, ತೋಕು ಹೂ ಮುಡಿಸಿ ಪೂಜೆ ಮಾಡಿದ್ದೆವು. ಆಮೇಲೆ ಅಕ್ಕಿ ಉಂಡೆಯ ಕಡಂಬಿಟ್ಟು, ಕಾಚಂಪುಳಿ ಎಂಬ ಹುಳಿ ಹಾಕಿದ ಹಂದಿ ಸಾರು, ನಮ್ಮ ಮಾತಿನಲ್ಲಿ ಗೈಪು. ಅಪ್ಪ ಆಗಲೇ ಕುಡಿದಿದ್ದ. ಒಂದು ತುತ್ತು ಬಾಯಿಗಿಟ್ಟವನು ಎಲೆಯನ್ನೇ ಎತ್ತಿ ಎಸೆದ.

"ಇದ್ ಎಂಥ ಗೈಪು? ಕಾಚಂಪುಳಿ ಯಾರಪ್ಪನ ಮನೆಗೆ ಹೋತ್?"

"ಹಾಕಿಯೊಳೆ, ಸರಿಯಾಗಿ ನೋಡಿ" ಎಂದಳು ಅವ್ವ. ಅಷ್ಟೇ ಅಂದದ್ದು.

ಅಪ್ಪ ಎದ್ದು ಪೂಜೆಗಿಟ್ಟಿದ್ದ ಒಡಿಕತ್ತಿಯನ್ನು ತೆಗೆದ. ಹಿಡಿಯಲ್ಲಿ ಹೂವು ಇನ್ನೂ ಇತ್ತು. ಅವ್ವ ಹಿಂದಕ್ಕೆ ಸರಿದಳು, ಹಿಂದೆ ಗೋಡೆ. ಚಿಕ್ಕಪ್ಪ ಊಟದ ಕೈಯಲ್ಲೇ ಹಾರಿ ಬಂದು ನಿಂತ. ಕತ್ತಿ ಅವನ ಬಲ ಭುಜದ ಮೇಲೆ ಬಿತ್ತು. ಕುಂಬಳಕಾಯಿ ಕಡಿದಾಗ ಬರುವಂಥ ಸದ್ದು ಬಂತು. ಆಮೇಲೆ ನಮ್ಮ ಎಲೆಗಳ ಮೇಲೆ, ಬಿಟ್ಟಿನ ಮೇಲೆ, ನನ್ನ ಲಂಗದ ಮೇಲೆ ರಕ್ತ. ಅಪ್ಪ ಕತ್ತಿಯನ್ನು ಅಲ್ಲೇ ಬಿಸಾಡಿ ತೋಟಕ್ಕೆ ಹೋದ.

ಚಿಕ್ಕಪ್ಪ ಕಿತ್ತಳೆ ಮರದಿಂದ ಬಿದ್ದ ಎಂದು ಊರಿಗೆ ಹೇಳಿದೆವು. ಕಾಯಿ ಇನ್ನೂ ಹಸಿರಾಗಿರುವ ಕಾಲದಲ್ಲಿ ಅವನು ಕಿತ್ತಳೆ ಮರ ಹತ್ತಿದ್ದು ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಗಾಯ ನೋಡಲು ಬಂದವರೆಲ್ಲ "ಮರ ಜಾರುತ್ತ್, ಮಳೆಗಾಲ ಅಲ್ಲಾ?" ಎಂದು ಅವರೇ ಕಾರಣ ಕೊಟ್ಟು ಹೋದರು. ನಮ್ಮೂರಿನವರು ಹಾಗೆಯೇ. ಇನ್ನೊಬ್ಬರ ಮನೆಯ ಸುಳ್ಳನ್ನು ಜೋಪಾನ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಮಾಯಿತು, ಆದರೆ ಕೈ ಮೇಲೇಳಲಿಲ್ಲ. ಬೆರಳು ಆಡುತ್ತಿತ್ತು, ಮುಷ್ಟಿ ಬಿಗಿಯುತ್ತಿತ್ತು, ಮೊಣಕೈ ಮಡಿಸಬಹುದಿತ್ತು. ಭುಜದಿಂದ ಎತ್ತಲು ಮಾತ್ರ ಆಗುತ್ತಿರಲಿಲ್ಲ. ಏನನ್ನಾದರೂ ಮೇಜಿನ ಮೇಲೆ ಮಾಡಬೇಕಿದ್ದರೆ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ಮೇಜಿನ ಮೇಲಿಟ್ಟುಕೊಳ್ಳುತ್ತಿದ್ದ. ಮೋಟಾರ್ ಸೈಕಲ್ಲನ್ನೂ ಹಾಗೆಯೇ, ಬಲಗೈಯನ್ನು ಎತ್ತಿ ಹ್ಯಾಂಡಲಿನ ಮೇಲಿಟ್ಟುಕೊಂಡು ಓಡಿಸುತ್ತಿದ್ದ. ಅಪ್ಪ ಆ ಕಡೆ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ತಿತಿಮತಿಯ ಕಡೆಯ ಒಂದು ಎಸ್ಟೇಟಿನಿಂದ ಕಾಗದ ಬಂತು. ಚಿಕ್ಕಪ್ಪ ಬೇಸಿಗೆಯಲ್ಲೇ ಕೆಲಸ ಕೇಳಿ ಬರೆದಿದ್ದನಂತೆ. ನಾಲ್ಕು ಡಿವಿಷನ್‌ಗಳ ನಡುವೆ ಟಪಾಲು, ಔಷಧಿ ಸಾಗಿಸಲು ಮೋಟಾರ್ ಸೈಕಲ್ ಇರುವ ಮನುಷ್ಯ ಬೇಕಿತ್ತು. ಸುಗ್ಗಿಯ ಹುತ್ತರಿ ಹಬ್ಬ ಕಳೆದ ಕೂಡಲೇ ಬಂದು ಸೇರಬೇಕು, ಲೈಸೆನ್ಸ್ ಸರಿಯಾಗಿರಬೇಕು. ಚಿಕ್ಕಪ್ಪ ಆ ಕಾಗದವನ್ನು ಒಂದು ದಿನದಲ್ಲಿ ಹತ್ತು ಸಲ ಓದಿದ. ಅವನಿಗೆ ಅದೊಂದು ಕೆಲಸ ಸಿಕ್ಕರೆ ಸಾಕಿತ್ತು, ನಮ್ಮ ಅಂಗಳ ದಾಟಿ ಹೋಗುತ್ತಿದ್ದ.

ಅವನ ಲೈಸೆನ್ಸು ಹಳೆಯ ಕೊಡಗು ರಾಜ್ಯದ್ದು, ಹೊಸದು ಮಾಡಿಸಬೇಕಿತ್ತು. ಮಡಿಕೇರಿಗೆ ಹೋದ. ಮೈಸೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರು ಕೈಸನ್ನೆ ಮಾಡಿ ತೋರಿಸಲು ಹೇಳಿದರಂತೆ. ಆಗ ಬಲಕ್ಕೆ ತಿರುಗುವವರು ಬಲಗೈ ಚಾಚಬೇಕು, ಎಡಕ್ಕೆ ತಿರುಗುವವರೂ ಅದೇ ಕೈಯನ್ನು ಸುತ್ತು ತಿರುಗಿಸಬೇಕು.

"ಕೈ ಉಟ್ಟು ಸಾರ್, ಮೇಲೆ ಏಳ್ದಿಲ್ಲೆ" ಎಂದನಂತೆ ಚಿಕ್ಕಪ್ಪ.

"ಏನು ಉಟ್ಕೊಂಡಿದ್ದೀಯಪ್ಪ? ಉಟ್ಟಿದ್ದು ಮೇಲೆ ಏಳೋದೇನು?" ಎಂದರಂತೆ ಇನ್‌ಸ್ಪೆಕ್ಟರು. ನಮ್ಮ 'ಉಟ್ಟು' ಎಂದರೆ 'ಇದೆ' ಎಂದು ಅವರಿಗೆ ಗುಮಾಸ್ತ ಬಿಡಿಸಿ ಹೇಳಬೇಕಾಯಿತು. ಕೊನೆಗೆ ಅವರು ಕೆಟ್ಟವರೇನೂ ಆಗಿರಲಿಲ್ಲ. ಕಾರುಗಳಿಗೆ ತಿರುಗುವ ಗುರುತು ಇರುವ ಹಾಗೆ ನಿನ್ನ ಗಾಡಿಗೂ ಏನಾದರೂ ಹಾಕಿಸಿಕೊಂಡು ಬಾ, ಹಿಂದಿನವನಿಗೂ ಮುಂದಿನವನಿಗೂ ಕಾಣುವ ಹಾಗಿರಲಿ, ನೋಡೋಣ ಎಂದು ಕಳುಹಿಸಿದರು.

ಅಂಥದ್ದನ್ನು ಹಾಕಿಕೊಡುವವರು ಮಡಿಕೇರಿಯಲ್ಲಿರಲಿಲ್ಲ. ಚಿಕ್ಕಪ್ಪ ಮನೆಯಲ್ಲೇ ಮಾಡುತ್ತೇನೆಂದು ಕುಳಿತ. ದೀಪವನ್ನು ಎಲ್ಲಿ ಕೂರಿಸುವುದು ಎಂದು ಎರಡು ದಿನ ಯೋಚಿಸಿದ. ಆಮೇಲೆ, "ಕನ್ನಡಿ ಒಳಗೇ ಇಡೋಮ ಗೂಡೆ" ಎಂದ. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. "ಹಿಂದೆ ಬರುವಂವ ಕನ್ನಡಿನ ನೋಡೇ ನೋಡ್ತಾನೆ."

ಕ್ಷೌರದವರ ಹತ್ತಿರವಿರುವಂಥ ದುಂಡು ಕನ್ನಡಿ ಎರಡು ತಂದ. ಅವಕ್ಕೆ ಗ್ರೀಸ್ ಡಬ್ಬಿಯ ಮುಚ್ಚಳಗಳೇ ಹಿಂಬದಿಯ ಚಿಪ್ಪು. ಕನ್ನಡಿಯ ಬೆನ್ನಿನ ಕೆಂಪು ಬಣ್ಣವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಾಣದ ಆಕಾರಕ್ಕೆ ಬಣ್ಣವನ್ನೂ ಬೆಳ್ಳಿಪದರವನ್ನೂ ಸೂಜಿಯಿಂದ ಕೆರೆದು ತೆಗೆಯಬೇಕು. ಆ ಕೆಲಸ ನನ್ನದು. ಒಂದು ಬಾಣ ಎಡಕ್ಕೆ, ಒಂದು ಬಲಕ್ಕೆ. ಗೆರೆ ದಾಟಿದರೆ ಚಿಕ್ಕಪ್ಪ "ಶ್ಶ್" ಎನ್ನುತ್ತಿದ್ದ. ಬಾಣದ ಹಿಂದೆ ಪೆಪ್ಪರಮಿಂಟಿನ ಹಳದಿ ಕಾಗದ, ಅದರ ಹಿಂದೆ ಸೈಕಲ್ ಡೈನಮೋದ ಸಣ್ಣ ಬಲ್ಬು. ಮುಂದಿನಿಂದ ಬರುವವರಿಗೆ ಕಾಣಲೆಂದು ಚಿಪ್ಪಿಗೂ ಒಂದು ತೂತು, ಅಲ್ಲೂ ಹಳದಿ ಕಾಗದ. ತಾಮ್ರದ ಸರಳನ್ನು ಒಲೆಯಲ್ಲಿ ಕಾಯಿಸಿ, ರಾಳ ಮುಟ್ಟಿಸಿ, ಸೀಸ ಕರಗಿಸಿ ಬೆಸೆಯುತ್ತಿದ್ದ. ರಾಳದ ಹೊಗೆಗೆ ಅಡಿಗೆಮನೆ ದೇವಸ್ಥಾನದ ವಾಸನೆ ಬರುತ್ತಿತ್ತು. ಅವ್ವ ಕೆಮ್ಮುತ್ತ ಬೈಯುತ್ತ ಒಲೆಯ ಒಂದು ಬಾಯನ್ನು ನಮಗೇ ಬಿಟ್ಟುಕೊಟ್ಟಿದ್ದಳು.

ಮೊದಲನೇ ಜೋಡಿ ಮುಗಿಯುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ ನಿಂತ.

"ಎಂಥ ಇದ್, ಮಿಣುಕುಹುಳನಾ?"

ಅಪ್ಪ ಕನ್ನಡಿಗಳನ್ನಿಟ್ಟಿದ್ದ ಮಣೆಯನ್ನು ಕಾಲಿನಿಂದ ಒದ್ದ. ಎರಡೂ ಕನ್ನಡಿ ಒಡೆದವು. ಒಂದು ಚೂರು ನನ್ನ ಅಂಗೈಗೆ ಹೊಕ್ಕಿತು, ಆ ಗುರುತು ಇವತ್ತಿಗೂ ಇದೆ. ಚಿಕ್ಕಪ್ಪ ಚೂರನ್ನು ಹಲ್ಲಿನಿಂದ ಕಚ್ಚಿ ತೆಗೆದು, ಅರಿಸಿನ ಒತ್ತಿ, ಮಾರನೇ ದಿನ ಮತ್ತೆರಡು ಕನ್ನಡಿ ತಂದ. ನಾನು ಮತ್ತೆ ಎರಡು ಬಾಣ ಕೆರೆದೆ.

ತಂತಿ ಮಿಲಿಟರಿ ಟೆಲಿಫೋನಿನದು, ಎಲ್ಲ ಒಂದೇ ಕಪ್ಪು ಬಣ್ಣ. ಯಾವುದು ಯಾವ ಕಡೆಯದೆಂದು ತಿಳಿಯಲು ಚಿಕ್ಕಪ್ಪ ಒಂದು ತಂತಿಗೆ ಗಂಟು ಹಾಕಿದ. "ಗಂಟು ಇದ್ದದ್ ಬಲ. ಮರೀಬೇಡ." ಎಡ ಹಿಡಿಯ ಹತ್ತಿರ ಟಾರ್ಚಿನಿಂದ ಕಿತ್ತ ಎರಡು ಗುಂಡಿ. ಈಗಿನ ಹಾಗೆ ತಾನಾಗಿ ಮಿನುಗುವ ಏರ್ಪಾಡು ಇರಲಿಲ್ಲ. ಎಡಗೈಯ ಹೆಬ್ಬೆರಳಿನಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಿನುಗಿಸಬೇಕು. ಚಿಕ್ಕಪ್ಪ ಉಣ್ಣುವಾಗಲೂ ತೊಡೆಯ ಮೇಲೆ ಹೆಬ್ಬೆರಳು ಒತ್ತಿ ಅಭ್ಯಾಸ ಮಾಡುತ್ತಿದ್ದ. ಕನ್ನಡಿಗಳನ್ನು ಹ್ಯಾಂಡಲಿಗೆ ಬಿಗಿದು ಮೊದಲ ಸಲ ಒತ್ತಿದಾಗ ಬಲಗಡೆಯ ಬಾಣ ಹಳದಿಯಾಗಿ ಹೊತ್ತಿತು. ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಹೆಚ್ಚು ನೋಡಿಲ್ಲ.

ಬ್ಯಾಟರಿ ಹಳೆಯದು, ಬೇಗ ಇಳಿಯುತ್ತಿತ್ತು. ಅದಕ್ಕೆ ಕರೆಂಟು ತುಂಬಿಸಲು ಚಿಕ್ಕಪ್ಪ ಎರಡು ದಿನ ಮಡಿಕೇರಿಯಲ್ಲಿ ಉಳಿಯಬೇಕಾಯಿತು. ಆ ಎರಡು ದಿನವನ್ನು ನಾನು ಮರೆತಿಲ್ಲ. ಮೊದಲನೇ ದಿನ ಅಪ್ಪ ಅವ್ವನನ್ನು ಜುಟ್ಟು ಹಿಡಿದು ಎಳೆದು ರುಬ್ಬುಗಲ್ಲಿಗೆ ಬಾಯಿ ಗುದ್ದಿಸಿದ. ಎರಡು ಹಲ್ಲು ಉದುರಿದವು. ನಡುವೆ ಬಂದು ನಿಲ್ಲಲು ಯಾರೂ ಇರಲಿಲ್ಲ. ನಾನು ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಕಾಫಿ ಮೂಟೆಗಳ ಹಿಂದೆ ಕುಳಿತು ಕಿವಿ ಮುಚ್ಚಿಕೊಂಡಿದ್ದೆ. ಎರಡನೇ ದಿನವೂ ಅಲ್ಲೇ ಕುಳಿತಿದ್ದೆ.

ಆಗ ನನ್ನ ತಲೆಗೆ ಹೊಳೆಯಿತು. ಎರಡು ದಿನಕ್ಕೆ ಹೀಗಾದರೆ ಚಿಕ್ಕಪ್ಪ ತಿತಿಮತಿಗೇ ಹೋಗಿಬಿಟ್ಟರೆ? ಅವ್ವ ಉಳಿಯುವುದಿಲ್ಲ. ಆ ದೀಪಗಳನ್ನು ನಾನೇ ಕೆರೆದು ಕೆರೆದು ಮಾಡಿದ್ದೆ, ನನ್ನ ಕೈಯಾರೆ ಅವನನ್ನು ಕಳುಹಿಸಲು ಹೊರಟಿದ್ದೆ. ಅವನಿಗೆ ಲೈಸೆನ್ಸು ಸಿಗಬಾರದು. ಅಷ್ಟೇ ನನಗೆ ಬೇಕಾದದ್ದು.

ಚಿಕ್ಕಪ್ಪ ಬ್ಯಾಟರಿ ತಂದು ಕೂರಿಸಿ, ಎರಡೂ ದೀಪ ಒಮ್ಮೆ ಪರೀಕ್ಷೆ ಮಾಡಿದ. ಮಾರನೇ ದಿನ ಇನ್‌ಸ್ಪೆಕ್ಟರ ಮುಂದೆ ಓಡಿಸಿ ತೋರಿಸಬೇಕಿತ್ತು. "ಇನ್ ಅಲ್ಲಿವರೆಗೆ ಮುಟ್ಟಿಕೆ ಇಲ್ಲೆ, ಬ್ಯಾಟರಿ ಉಳೀಕು" ಎಂದು ಸ್ನಾನಕ್ಕೆ ಹೋದ. ಮಧ್ಯಾಹ್ನದ ಹೊತ್ತು. ನಾನು ಟ್ಯಾಂಕಿನ ಕೆಳಗೆ ಕೈ ಹಾಕಿ, ತಂತಿಗಳ ಜೋಡಣೆಗೆ ಸುತ್ತಿದ್ದ ಅಂಟು ಪಟ್ಟಿ ಬಿಚ್ಚಿದೆ. ಗಂಟಿನ ತಂತಿಯನ್ನು ಎಡಕ್ಕೆ ಸೇರಿಸಿದೆ, ಗಂಟಿಲ್ಲದ್ದನ್ನು ಬಲಕ್ಕೆ. ಪಟ್ಟಿ ಮತ್ತೆ ಅಂಟಲಿಲ್ಲ. ಜಡೆಯ ಕೆಂಪು ರಿಬ್ಬನ್ನಿನಿಂದ ಒಂದು ಎಳೆ ಹರಿದು ಅದರ ಮೇಲೆ ಕಟ್ಟಿ ಒಳಗೆ ತಳ್ಳಿದೆ. ಬಚ್ಚಲಲ್ಲಿ ಚಿಕ್ಕಪ್ಪ ಸೀಟಿ ಹಾಕುತ್ತಿದ್ದ.

ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿ ಹೊರಟು ನಿಂತವನು, "ಹತ್ತ್ ಗೂಡೆ, ನೀನೂ ಮಡಿಕೇರಿ ನೋಡ್. ದೀಪ ಮಾಡ್ದಂವ್ಳು ಬಾರದಿದ್ದರೆ ಹೆಂಗೆ?" ಎಂದ.

ಇದನ್ನು ನಾನು ಎಣಿಸಿರಲಿಲ್ಲ. ಹಿಂದೆ ಕುಳಿತು ಅವನ ಸೊಂಟ ಹಿಡಿದೆ. ಮಡಿಕೇರಿಗೆ ಎಷ್ಟು ತಿರುವು ಎಂದು ಆ ದಾರಿ ಬಲ್ಲವರಿಗೆ ಗೊತ್ತು. ಒಂದೊಂದು ತಿರುವಿನಲ್ಲೂ ಈಗ ಹೇಳಿಬಿಡುತ್ತೇನೆ ಅಂದುಕೊಂಡೆ. ಬ್ಯಾಟರಿ ಉಳಿಸಬೇಕೆಂದು ಅವನು ಗುಂಡಿ ಮುಟ್ಟಲೇ ಇಲ್ಲ. ಮುಟ್ಟಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ದಾರಿ ಬದಿಯಲ್ಲಿ ಐದು ನಿಮಿಷದಲ್ಲಿ ಸರಿಮಾಡುತ್ತಿದ್ದ. ನಾನು ಬಾಯಿ ಬಿಡಲಿಲ್ಲ.

ಇನ್‌ಸ್ಪೆಕ್ಟರು ಕನ್ನಡಿಗಳನ್ನು ಬಗ್ಗಿ ನೋಡಿ, "ಭೇಷ್, ಮನೇಲೇ ಮಾಡಿದ್ಯಾ?" ಎಂದರು. ಚಿಕ್ಕಪ್ಪ ನನ್ನ ಕಡೆ ಎಡಗೈ ತೋರಿಸಿದ. ಅವರು ನನ್ನ ತಲೆ ಸವರಿ ಜೀಪಿನಲ್ಲಿ ಕುಳಿತರು. ನನ್ನನ್ನು ಆಫೀಸಿನ ಜಗಲಿಯಲ್ಲಿ ನಿಲ್ಲಿಸಿದರು. ಚಿಕ್ಕಪ್ಪ ಮುಂದೆ, ಜೀಪು ಹಿಂದೆ. "ಬಲಕ್ಕೆ!" ಎಂದು ಇನ್‌ಸ್ಪೆಕ್ಟರು ಕೂಗಿದ್ದು ನನಗೂ ಕೇಳಿಸಿತು. ಚಿಕ್ಕಪ್ಪ ಒತ್ತಿದ. ಎಡಗನ್ನಡಿ ಹೊತ್ತಿತು. ಅವನು ಎಡಕ್ಕೆ ಹೋಗುತ್ತಾನೆಂದು ಜೀಪಿನ ಡ್ರೈವರು ಬಲಗಡೆಯಿಂದ ಮುಂದೆ ನುಗ್ಗಿಸಿದ. ಚಿಕ್ಕಪ್ಪ ತಪ್ಪು ದೀಪ ನೋಡಿ ಗಾಬರಿಯಾಗಿ ಇನ್ನೊಂದನ್ನು ಒತ್ತಿದ, ಅಷ್ಟರಲ್ಲಿ ಗಾಡಿ ಬಲಕ್ಕೆ ವಾಲಿತ್ತು. ಜೀಪಿನ ಮೂತಿ ಅವನ ಕಾಲಿಗೆ ತಗುಲಿತು. ಬೀಳುವವರೆಲ್ಲ ಕೈ ಚಾಚಿ ಮುಖ ಉಳಿಸಿಕೊಳ್ಳುತ್ತಾರೆ. ಅವನ ಕೈ ಚಾಚಲಿಲ್ಲ. ಮುಖವೇ ಮೊದಲು ಚರಂಡಿಯ ಕಲ್ಲಿಗೆ ಬಡಿಯಿತು.

ನಾನು ಓಡಿ ಹೋದಾಗ ಅವನು ಎದ್ದು ಕುಳಿತಿದ್ದ. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಇನ್‌ಸ್ಪೆಕ್ಟರು ಜೀಪಿನಿಂದ ಹಾರಿ ಬಂದರು.

"ಎಡ ಬಲ ಗೊತ್ತಾಗಲ್ವೇನಯ್ಯಾ? ನನ್ನ ಕೈಯಲ್ಲಿ ಕೊಲೆ ಮಾಡಿಸ್ತಿದ್ಯಲ್ಲ!"

ಚಿಕ್ಕಪ್ಪ ಟ್ಯಾಂಕಿನ ಕೆಳಗೆ ಬೆರಳು ಹಾಕಿದ. ಕೆಂಪು ಎಳೆ ಹೊರಗೆ ಬಂತು. ಅದನ್ನು ನೋಡಿದ. ನನ್ನ ಜಡೆಯನ್ನು ನೋಡಿದನೋ ಇಲ್ಲವೋ ಹೇಳಲಾರೆ, ನಾನು ನೆಲ ನೋಡುತ್ತಿದ್ದೆ. ಎಳೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, "ನಾನೇ ತಪ್ಪು ಜೋಡ್ಸಿದ್ದೆ ಸಾರ್. ಕನ್ನಡಿ ನೋಡಿಕಂಡ್ ಮಾಡ್ದಲ್ಲಾ, ಎಡ ಬಲ ಆತ್" ಎಂದ.

"ಸೋಮವಾರ ಸರಿ ಮಾಡ್ಕೊಂಡು ಬಾ" ಎಂದರು ಇನ್‌ಸ್ಪೆಕ್ಟರು. "ಇನ್ನೊಂದು ಸಲ ನೋಡ್ತೀನಿ. ಆಮೇಲೆ ನನ್ನ ಕೇಳಬೇಡ."

ವಾಪಸು ಬರುವಾಗ ಅವನು ಹೋಟೆಲಿನ ಮುಂದೆ ನಿಲ್ಲಿಸಿ, "ಹಸಿವಾದಾ ಗೂಡೆ?" ಎಂದು ಕೇಳಿ ನನಗೆ ಎರಡು ದೋಸೆ ಕೊಡಿಸಿದ. ತಾನು ಕರವಸ್ತ್ರ ಹುಬ್ಬಿಗೆ ಒತ್ತಿಕೊಂಡು ಕಾಫಿ ಮಾತ್ರ ಕುಡಿದ. ನಾನು ಎರಡೂ ದೋಸೆ ತಿಂದೆ. ಹಸಿವು ಅಂಥ ನಾಚಿಕೆಗೆಟ್ಟದ್ದು.

ಅಪ್ಪ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಚಿಕ್ಕಪ್ಪನ ಮುಖ ನೋಡಿ ಕೊಡಲಿ ಊರಿ ನಿಂತ.

"ಎಂಥ ಆತ್?"

"ಎಡ ಬಲ ಆತ್. ಸೋಮವಾರ ಬಾ ಅಂತ ಹೇಳ್ಯೊಳೊ."

ಅಪ್ಪ ಮೊದಲು ನಕ್ಕ. ಆ ನಗು ನಮಗೆಲ್ಲ ಗೊತ್ತಿತ್ತು, ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು. "ಎಡ ಬಲ ಗೊತ್ತಿಲ್ಲದಂವ ದೊರೆಗಳ ತೋಟಕ್ಕೆ ಹೋದದಾ? ಅಲ್ಲಿ ಹೋಗಿ ಇದ್ ಯಾರ್ ಮಾಡ್ದ್ ಅಂತ ಕೈ ತೋರ್ಸಿಕಾ?" ಎನ್ನುತ್ತ ಕೊಡಲಿ ಎತ್ತಿದ. ಅಷ್ಟು ದಿನ ಅಪ್ಪ ಆ ಭುಜದ ಮಾತೆತ್ತಿರಲಿಲ್ಲ. ಅವನ ಭಯವೂ ಅದೇ ಎಂದು ನನಗೆ ಆಗ ತಿಳಿಯಿತು.

ಮೊದಲನೇ ಏಟಿಗೆ ಎಡಗನ್ನಡಿ ಹೋಯಿತು. ಎರಡನೇ ಏಟಿಗೆ ಬಲಗನ್ನಡಿ. ಮೂರನೆಯದು ಟ್ಯಾಂಕಿಗೆ, ಪೆಟ್ರೋಲು ಚಿಮ್ಮಿತು. ಚಿಕ್ಕಪ್ಪ "ಬುಡಣ್ಣಾ" ಎಂದು ಅಡ್ಡ ಬಂದ. ಅಪ್ಪ ಕೊಡಲಿಯ ಕಾವಿನಿಂದ ಅವನ ಹೊಟ್ಟೆಗೆ ತಿವಿದ, ಕುಸಿದವನ ಏಳದ ಕೈಯನ್ನೇ ತುಳಿದ. ಅವ್ವ ಓಡಿ ಬಂದು ಅಪ್ಪನ ತೋಳು ಹಿಡಿದಳು. ಅವಳ ಕಿವಿಗೆ ಒಂದು ಬಿತ್ತು, ಓಲೆ ಹರಿದು ರಕ್ತ ಕುತ್ತಿಗೆಗೆ ಇಳಿಯಿತು. ಅಪ್ಪ ಮತ್ತೆ ಗಾಡಿಯ ಕಡೆ ತಿರುಗಿ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಕಡಿಯತೊಡಗಿದ. ನಾನು ನಿಂತಲ್ಲೇ ಉಚ್ಚೆ ಹೊಯ್ದುಕೊಂಡೆ.

ಅವ್ವ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಜೋಡಿನಳಿಗೆ ಕೋವಿ ಇತ್ತು. ಅದುವರೆಗೆ ಅವಳು ಅದನ್ನು ಹಿಡಿದದ್ದನ್ನು ನಾನು ನೋಡಿರಲಿಲ್ಲ. ಅಪ್ಪನಿಗೆ ಗುರಿ ಇಡುತ್ತಾಳೆ ಅಂದುಕೊಂಡೆ, ಇಡಲಿ ಎಂದೂ ಅಂದುಕೊಂಡೆ. ಅವಳು ಅಂಗಳದ ನಡುವೆ ನಿಂತು ಆಕಾಶಕ್ಕೆ ಎತ್ತಿದಳು. ಢಂ ಎಂದು ಒಂದು. ಒಂದು ಉಸಿರು ಬಿಟ್ಟು ಇನ್ನೊಂದು.

ನಮ್ಮಲ್ಲಿ ಹೀಗೆ ಒಂದರ ಹಿಂದೆ ಒಂದು ಎರಡು ಗುಂಡು ಹೊಡೆದರೆ ಆ ಮನೆಯಲ್ಲಿ ಸಾವು ಎಂದು ಅರ್ಥ. ಕೇಳಿಸಿಕೊಂಡವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡಬೇಕು. ಅಪ್ಪ ಕೊಡಲಿ ಎತ್ತಿದ ಹಾಗೆಯೇ ನಿಂತ.

"ಎ ಮಾರಿ, ಎಂಥ ಮಾಡ್ದೆ ನೀ? ಅದ್ ಸಾವಿನ ಗುಂಡ್!"

"ಗೊತ್ತುಟ್ಟು" ಎಂದಳು ಅವ್ವ. ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಳು. ಕಿವಿಯ ರಕ್ತ ಒರೆಸಿಕೊಳ್ಳಲಿಲ್ಲ.

ಅರ್ಧ ಗಂಟೆಯಲ್ಲಿ ಊರು ಬಂತು. ಚಿತೆಗೆ ಸೌದೆ ಕಡಿಯಲು ಗಂಡಸರು ಕತ್ತಿ, ಕೊಡಲಿ ಹೊತ್ತು ಬಂದಿದ್ದರು. ಹೆಂಗಸರು ತಲೆಗೆ ಸೆರಗು ಹೊದ್ದು, ಗದ್ದೆಯ ಅಂಚಿನಿಂದಲೇ ಅಳಲು ಶುರು ಮಾಡಿದ್ದರು. ಎಲ್ಲರ ಮುಂದೆ ಊರಿನ ಹಿರಿಯ ಪಟೇಲಜ್ಜ. ಅಂಗಳಕ್ಕೆ ಬಂದವರು ಚೂರಾದ ಗಾಡಿ ನೋಡಿದರು, ನೆಲದಲ್ಲಿ ಬಿದ್ದಿದ್ದ ಚಿಕ್ಕಪ್ಪನನ್ನು ನೋಡಿದರು, ಅವ್ವನನ್ನು ನೋಡಿದರು. ಅಳು ನಿಂತಿತು.

"ಯಾರ್ ಹೋದ್ದ್ ಮಗಾ?" ಎಂದ ಪಟೇಲಜ್ಜ.

"ಇನ್ನೂ ಯಾರೂ ಹೋತಿಲ್ಲೆ ಅಜ್ಜ. ನಾ ಸತ್ತ ಮೇಲೆ ನಿಮ್ಮ ಕರೆಕೆ ನಂಗೆ ಆಗದಲ್ಲಾ, ಅದ್ಕೆ ಈಗಲೇ ಕರ್ದೆ. ನೋಡಿಕಂಡ್ ಹೋಗಿ. ಇಂವ ಬಿದ್ದದ್ ಯಾವ ಕಿತ್ತಳೆ ಮರಂದ ಅಂತನೂ ನೋಡಿಕಂಡ್ ಹೋಗಿ." ಅವ್ವ ಬಾಯಿ ತೆರೆದು ಹಲ್ಲು ಹೋದ ಜಾಗ ತೋರಿಸಿದಳು.

ಸಾವಿಲ್ಲದೆ ಸಾವಿನ ಗುಂಡು ಹೊಡೆಯುವುದು ದೊಡ್ಡ ಅಪಶಕುನ. ಯಾರೋ ಹೆಂಗಸು ಅದನ್ನು ಗೊಣಗಿದಳು ಕೂಡ. ಪಟೇಲಜ್ಜ ಅವಳ ಕಡೆ ತಿರುಗಿ ನೋಡಿದ, ಅವಳು ಸುಮ್ಮನಾದಳು. ಆಮೇಲೆ ಅವನು ಅಪ್ಪನ ಹತ್ತಿರ ಹೋಗಿ ಕೆನ್ನೆಗೆ ಒಂದು ಬಾರಿಸಿದ. ಎಪ್ಪತ್ತು ದಾಟಿದ ಮುದುಕನ ಪೆಟ್ಟು, ನೋವೇನೂ ಆಗಿರಲಾರದು. ಅಪ್ಪ ಮಗುವಿನ ಹಾಗೆ ಅತ್ತ. ಪಟೇಲಜ್ಜ ಕೋವಿಯನ್ನೂ ಒಡಿಕತ್ತಿಯನ್ನೂ ಎತ್ತಿಕೊಂಡು ಹೋದ. ನಮ್ಮ ನಾಡಿನಲ್ಲಿ ಗಂಡಸಿನ ಮನೆಯಿಂದ ಕೋವಿ ಎತ್ತಿಕೊಂಡು ಹೋಗುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ವರ್ಷದ ಹುತ್ತರಿಗೆ ಕದಿರು ಕೊಯ್ಯುವಾಗ ಎಲ್ಲರ ಗದ್ದೆಯಲ್ಲೂ ಗುಂಡಿನ ಸದ್ದಾಯಿತು, ನಮ್ಮ ಗದ್ದೆಯಲ್ಲಿ ಆಗಲಿಲ್ಲ.

ಅಪ್ಪ ಆಮೇಲೆ ಕೈ ಎತ್ತಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಎತ್ತುತ್ತಿದ್ದ, ಅವ್ವ ನೋಡಿದರೆ ಇಳಿಸುತ್ತಿದ್ದ. ಅವ್ವ ಅವನಿಗಿಂತ ಹದಿನೈದು ವರ್ಷ ಹೆಚ್ಚಿಗೆ ಬದುಕಿದಳು.

ಮೋಟಾರ್ ಸೈಕಲ್ ರಿಪೇರಿಯಾಗುವ ಸ್ಥಿತಿಯಲ್ಲಿರಲಿಲ್ಲ. ಸೋಮವಾರ ಬಂತು, ಹೋಯಿತು. ಎಸ್ಟೇಟಿನವರು ಬೇರೆಯವರನ್ನು ತೆಗೆದುಕೊಂಡರು. ಚಿಕ್ಕಪ್ಪ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲೇ ಉಳಿದ. ಊರವರ ಗಡಿಯಾರ, ಟಾರ್ಚು, ಆಮೇಲಾಮೇಲೆ ಪಂಪುಗಳನ್ನು ರಿಪೇರಿ ಮಾಡಿಕೊಂಡು ಇಪ್ಪತ್ತೆರಡು ವರ್ಷ ಅಲ್ಲೇ ಇದ್ದು ಅಲ್ಲೇ ತೀರಿಕೊಂಡ. ಮರುಭೂಮಿ ದಾಟಿ ಬಂದ ಮನುಷ್ಯ ಆಮೇಲೆ ಚೇರಂಬಾಣೆಯ ಸಂತೆಗಿಂತ ದೂರ ಹೋಗಲಿಲ್ಲ.

ನಾನು ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಅವನ ಕೋಣೆಗೆ ಹೋಗಿ ಕುಳಿತೆ. ಹತ್ತು ವರ್ಷಕ್ಕಿಂತ ಹೆಚ್ಚು ನುಂಗಿಕೊಂಡಿದ್ದ ಮಾತು.

"ಚಿಕ್ಕಪ್ಪ, ಆ ತಂತಿ ಅದಲು ಬದಲು ಮಾಡ್ದ್ ನಾನ್."

"ಗೊತ್ತುಟ್ಟು" ಎಂದ, ಯಾವುದೋ ಗಡಿಯಾರದ ಒಳಗಿನಿಂದ ಕಣ್ಣು ತೆಗೆಯದೆ. "ನಾ ಹೋಕೆ ಇಲ್ಲೆ ಅಂತ ಮಾಡ್ದೆ ಅಲ್ಲಾ? ನಾ ನಿಮ್ಮ ಬಿಟ್ಟ್ ಹೋಗ್ತೆ ಅಂತ ನೀ ಎಣ್ಸಿದೆ."

ನಾನು ತಲೆ ಆಡಿಸಿದೆ. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಎಸ್ಟೇಟಿನವ್ಕೆ ಕಾಗದ ಬರೆವಾಗ ಕೆಲಸದವ್ರ ಲೈನಲ್ಲಿ ಎರಡ್ ಕೋಣೆ ಮನೆ ಬೊಕು ಅಂತ ಬರ್ದಿದ್ದೆ. ಕೊಡ್ತೇವೆ ಅಂತ ಉತ್ತರನೂ ಬಂದಿತ್ತ್. ಒಂದ್ ಕೋಣೆ ನಿಂಗೂ ಅವ್ವಂಗೂ. ಅಲ್ಲಿ ಹತ್ತಿರನೇ ಸ್ಕೂಲ್ ಇತ್ತ್."

"ನಂಗೆ ಯಾಕೆ ಹೇಳಿಲ್ಲೆ?"

"ನೀ ಸಣ್ಣ ಗೂಡೆ ಅಲ್ಲಾ. ಅಪ್ಪನ ಮುಂದೆ ಬಾಯಿ ಬಿಟ್ಟ್‌ಬುಟ್ಟರೆ ಅಂತ ಹೆದರಿದೆ."

ನನ್ನ ಮಗು ಒಳಗೆ ಎದ್ದು ಅಳತೊಡಗಿತ್ತು. "ಹೋಗ್, ಹಾಲ್ ಕೊಡ್" ಎಂದು ಅವನು ಮತ್ತೆ ಗಡಿಯಾರಕ್ಕೆ ಬಗ್ಗಿದ. ಆ ಮಾತನ್ನು ನಾವು ಮತ್ತೆ ಎತ್ತಲಿಲ್ಲ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಹೀಗೆ ಬರೆಯಲು ಕಲಿತದ್ದು ನನ್ನ ಮಕ್ಕಳ ಪುಸ್ತಕ ನೋಡಿ. ಅವ್ವ ಉಳಿದ ಆಯುಷ್ಯವನ್ನೆಲ್ಲ ಆ ರುಬ್ಬುಗಲ್ಲಿನ ಮುಂದೆಯೇ ಕಳೆದಳು. ಅಪ್ಪನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಆದರೆ ಲೆಕ್ಕ ಸರಿಯಾಗಿರಬೇಕು. ಅಪ್ಪ ತೆಗೆದದ್ದು ಚಿಕ್ಕಪ್ಪನ ಒಂದು ಕೈ. ನಾನು ತೆಗೆದದ್ದು ಮೂರು ಜನ ಬದುಕಬೇಕಾಗಿದ್ದ ಒಂದು ಮನೆ.